ನಲವತ್ತೊಂದನೆಯ ಹೆಸರು

ಆರನೆಯ ಸುತ್ತು ಮುಗಿದರೂ ತನುಜಾಳ ಹೆಸರು ಬರಲಿಲ್ಲ. ಶಿರಸಿಯ ಸಹಕಾರಿ ಸಂಘವೊಂದರ ಸಭಾಭವನದಲ್ಲಿ ಮೈಕಿನ ಮುಂದೆ ನಿಂತಿದ್ದ ಸಮೀಉಲ್ಲಾ ಪಟ್ಟಿಯ ಮೇಲೆ ಮೂವತ್ತಾರನೆಯ ಗೀಟು ಎಳೆದು, ಚಹಾ ಬಂದಿದೆ, ಹತ್ತು ನಿಮಿಷ ಬಿಟ್ಟು ಏಳನೆಯ ಸುತ್ತು ಶುರು ಎಂದು ಸಾರಿದ. ಹೆಸರು ಬಂದ ಹುಡುಗಿಯರು ಗುಂಪುಗುಂಪಾಗಿ ಚಹಾದ ಕಡೆ ಹೋದರು. ಹೆಸರು ಬಾರದವರು ಮೊಬೈಲು ತೆಗೆದು, ಅದರಲ್ಲಿ ಏನೋ ಬಹಳ ಮುಖ್ಯವಾದದ್ದು ಇರುವವರಂತೆ ತಲೆ ತಗ್ಗಿಸಿದರು. ತನುಜಾ ಕೊನೆಯ ಸಾಲಿನಲ್ಲಿ ಅಪ್ಪ ಮಾಸ್ತಿಯ ಪಕ್ಕ ಕೂತು ಗೋಡೆಯ ಫ್ಯಾನನ್ನು ನೋಡುತ್ತಿದ್ದಳು.

ಲೆಕ್ಕ ಕಷ್ಟದ್ದೇನೂ ಆಗಿರಲಿಲ್ಲ. ಆರು ಕಬಡ್ಡಿ ತಂಡ, ಎಂಟು ಸುತ್ತು, ಸುತ್ತಿಗೆ ತಂಡಕ್ಕೊಬ್ಬಳಂತೆ ಒಟ್ಟು ನಲವತ್ತೆಂಟು ಹೆಸರು. ಪಟ್ಟಿಯಲ್ಲಿದ್ದವರು ಅರವತ್ತಮೂರು. ಇನ್ನು ಉಳಿದದ್ದು ಹನ್ನೆರಡು ಕರೆ, ಇಪ್ಪತ್ತೇಳು ಹುಡುಗಿಯರು. ಯಾರೂ ಕರೆಯದೆ ಉಳಿದವರು ಮುಂದಿನ ಎರಡು ವರ್ಷ ಪಟ್ಟಿಗೆ ಹೆಸರು ಕೊಡುವಂತಿಲ್ಲ. ಹೊಸಬರಿಗೆ ಜಾಗ ಆಗಲಿ ಎಂದು ಮಾಡಿಕೊಂಡ ನಿಯಮ. ತನುಜಾಳಿಗೆ ಈಗ ಇಪ್ಪತ್ತೊಂದು. ಎರಡು ವರ್ಷ ಅಂಕಣ ಮೆಟ್ಟದ ಕಾಲು ಮತ್ತೆ ಅಂಕಣಕ್ಕೆ ಬಂದದ್ದನ್ನು ಆ ಸೀಮೆಯಲ್ಲಿ ಯಾರೂ ಕಂಡಿರಲಿಲ್ಲ.

ಕಬಡ್ಡಿ ಬಿಟ್ಟರೆ ತನ್ನದು ಎಂದು ಹೇಳಿಕೊಳ್ಳುವಂಥದ್ದು ಅವಳಿಗೆ ಇನ್ನೊಂದಿರಲಿಲ್ಲ. ಪಿಯುಸಿಯಲ್ಲಿ ಇಂಗ್ಲಿಷು ಎರಡು ಸಲ ಕೈಕೊಟ್ಟಿತ್ತು. ಹೊಲಿಗೆ ಕಲಿಯಲು ಹೋಗಿ, ಒಂದೇ ವಾರದಲ್ಲಿ ಬಟ್ಟೆಗಿಂತ ಹೆಚ್ಚಾಗಿ ಕಲಿಸುವವರ ತಾಳ್ಮೆಯನ್ನು ಹರಿದು ಬಂದಿದ್ದಳು. ಅಂಕಣದ ಒಳಗೆ ಮಾತ್ರ ಅವಳ ಕೈಕಾಲು ಅವಳ ಮಾತು ಕೇಳುತ್ತಿದ್ದವು. ಅದೂ ಹೋದರೆ ಏನು ಉಳಿಯುತ್ತದೆ ಎಂದು ಯೋಚಿಸಿದಾಗೆಲ್ಲ ಅವಳಿಗೆ ಭಯವಾಗುತ್ತಿತ್ತು.

ಹೋದ ವರ್ಷ ಇದೇ ಭವನದಲ್ಲಿ, ಇದೇ ಮೈಕಿನಲ್ಲಿ, ಎಲ್ಲರಿಗಿಂತ ಮೊದಲು ಕೂಗಿದ್ದು ಅವಳ ಹೆಸರನ್ನೇ.

ಮೂರು ತಾಲೂಕಿನ ಹೆಂಗಸರ ಕಬಡ್ಡಿಗೆ ಈ ಸರದಿಯ ಪದ್ಧತಿ ತಂದವನು ಸಮೀಉಲ್ಲಾ. ಎರಡು ಟೆಂಪೋಗಳ ಮಾಲೀಕ, ಸಮಿತಿಯ ಕಾರ್ಯದರ್ಶಿ, ಆಟ ಯಾವುದಾದರೂ ಸರಿ ನಿಂತು ನೋಡುವ ಹುಚ್ಚ. ಮೊದಲ ವರ್ಷ ಹರಾಜು ಇಟ್ಟು ಎಲ್ಲರೂ ಕೈ ಸುಟ್ಟುಕೊಂಡಿದ್ದರು. ಅನುಕೂಲಸ್ಥ ತಂಡಗಳೆರಡು ಒಳ್ಳೆಯ ಆಟಗಾರ್ತಿಯರನ್ನೆಲ್ಲ ಬಾಚಿಕೊಂಡವು. ಉಳಿದ ನಾಲ್ಕು ತಂಡಗಳು ಸೋಲುವುದಕ್ಕೆಂದೇ ಬಸ್ಸು ಹತ್ತಿದವು. ಆಮೇಲೊಂದು ದಿನ ಹುಬ್ಬಳ್ಳಿಯಲ್ಲಿ ಲೋಡಿಗೆ ಕಾಯುತ್ತ ಕೂತಿದ್ದ ಸಮೀಉಲ್ಲಾನ ಮೊಬೈಲಿನಲ್ಲಿ ಆಸ್ಟ್ರೇಲಿಯಾದ ಫುಟ್‌ಬಾಲು ಬಂತು. ಮೊಟ್ಟೆಯಾಕಾರದ ಚೆಂಡು, ಕೆರೆಯಷ್ಟು ಅಗಲದ ಮೈದಾನ, ಒಬ್ಬರ ಬೆನ್ನಿನ ಮೇಲೆ ಮಂಡಿಯೂರಿ ಹಾರುವ ಇನ್ನೊಬ್ಬರು. ಆಟ ಅವನಿಗೆ ಈ ಜನ್ಮದಲ್ಲಿ ಅರ್ಥವಾಗುವಂತಿರಲಿಲ್ಲ. ಆದರೆ ಅಲ್ಲಿಯ ಒಂದು ನಿಯಮ ಮಾತ್ರ ತಲೆಗೆ ಹತ್ತಿತು: ಹೊಸ ಆಟಗಾರರನ್ನು ಆರಿಸುವಾಗ ಹಿಂದಿನ ವರ್ಷ ಎಲ್ಲರಿಗಿಂತ ಕೆಳಗೆ ಉಳಿದ ತಂಡಕ್ಕೆ ಮೊದಲ ಸರದಿ, ಗೆದ್ದ ತಂಡಕ್ಕೆ ಕೊನೆಯ ಸರದಿ. ಬಡವನ ಎಲೆಗೆ ಮೊದಲು ಬಡಿಸುವ ಪಂಕ್ತಿ. ಅವನಿಗೆ ಅದು ಎಷ್ಟು ಹಿಡಿಸಿತೆಂದರೆ ಲೋಡು ಬಂದದ್ದೂ ತಿಳಿಯಲಿಲ್ಲವಂತೆ.

ಸಭೆಯಲ್ಲಿ ಅವನು ಇದನ್ನು ವಿವರಿಸಿದಾಗ ಎಲ್ಲರಿಗಿಂತ ಹೆಚ್ಚು ನಕ್ಕವನು ಮಂಚಿಕೇರಿ ತಂಡದ ಅಧ್ಯಕ್ಷ ಚೌಡ. ಸೋತವರಿಗೆ ಬಹುಮಾನ ಕೊಡುವ ಊರು ಎಲ್ಲಾದರೂ ಉದ್ಧಾರವಾಗಿದೆಯೇ ಎಂದು ಕೇಳಿದ. ಆ ವರ್ಷ ಮಂಚಿಕೇರಿಯೇ ಕೊನೆಗೆ ಬಂತು. ಚೌಡ ನಗುವುದನ್ನು ನಿಲ್ಲಿಸಿ, ಮೊದಲ ಸರದಿಯಲ್ಲಿ ಎದ್ದು ನಿಂತು, ತನ್ನೂರಿನದೇ ಹುಡುಗಿ ತನುಜಾಳನ್ನು ಕರೆದ. ಶಾಲೆ, ಕಾಲೇಜು, ಗಣೇಶ ಚೌತಿಯ ಪಂದ್ಯ, ಎಲ್ಲೇ ಆಡಿದರೂ ಒಳಹೊಕ್ಕು ನಾಲ್ಕು ಜನರನ್ನು ಮುಟ್ಟಿ ಬರುತ್ತಿದ್ದವಳು. ಆಗ ಇಡೀ ಭವನ ಚಪ್ಪಾಳೆ ತಟ್ಟಿತ್ತು.

ಮಾರನೆಯ ದಿನ ಮಂಚಿಕೇರಿಯ ಬಸ್ ನಿಲ್ದಾಣದ ಎದುರು ಹನ್ನೆರಡಡಿ ಫ್ಲೆಕ್ಸು ಎದ್ದಿತು. ಅದರಲ್ಲಿ ತನುಜಾಳ ಮುಖಕ್ಕಿಂತ ಚೌಡನ ಮುಖ ಕೊಂಚ ದೊಡ್ಡದಿತ್ತು. ಚೌಡ ಕೆಟ್ಟವನಲ್ಲ, ಮೊದಲ ಸರದಿಗೆ ಸಿಕ್ಕವಳನ್ನು ಜೋಪಾನ ಮಾಡಬೇಕೆಂದು ಪ್ರಾಮಾಣಿಕವಾಗಿ ನಂಬಿದ್ದ. ಜೋಪಾನ ಅಂದರೆ ಏನು? ಮೊದಲು ಕೆಲಸ ಬಿಡಿಸಿದರು. ಅವಳು ಹತ್ತನೇ ವಯಸ್ಸಿನಿಂದ ಅಪ್ಪನ ಜೊತೆ ಬೆಟ್ಟಕ್ಕೆ ಹೋಗಿ ಸೊಪ್ಪು ಕೊಯ್ದು, ಹಗ್ಗ ಬಿಗಿದು, ಹೊರೆ ಹೊತ್ತು ಇಳಿಯುತ್ತಿದ್ದಳು. ಕಾಲು ಉಳುಕಿದರೆ ಗತಿಯೇನು ಎಂದು ಸಮಿತಿಯವರು ಮನೆಗೇ ಬಂದು ಮಾಸ್ತಿಗೆ ಹೇಳಿದರು, ಮಗಳ ಪಾಲಿನ ಸೊಪ್ಪನ್ನು ತಾವೇ ತಂದುಹಾಕುತ್ತೇವೆಂದರು. ಎರಡು ದಿನ ತಂದರು. ಮೂರನೆಯ ದಿನದಿಂದ ಇಬ್ಬರ ಹೊರೆಯನ್ನೂ ಮಾಸ್ತಿಯೇ ಹೊತ್ತ.

ದಿನಕ್ಕೊಂದು ಮನೆಯಿಂದ ಹಾಲು, ಮೊಟ್ಟೆ, ನೆನೆಸಿದ ಬಾದಾಮಿ ಬಂದವು. ಕೊಯ್ಲಾದ ಗದ್ದೆಯಲ್ಲಿ ಬರಿಗಾಲಲ್ಲಿ ಆಡುತ್ತಿದ್ದವಳಿಗೆ ಶಾಲೆಯ ಕೋಣೆಯಲ್ಲಿ ರಬ್ಬರಿನ ಹಾಸು ಹಾಸಿ ಬೂಟು ತೊಡಿಸಿದರು. ಹಿಡಿಯುವವರ ಸಾಲಿನಲ್ಲಿ ನಿಂತು ಪೆಟ್ಟು ತಿನ್ನುವುದು ಬೇಡ, ರೈಡಿಗೆ ಹೋಗುವುದಷ್ಟೇ ಅವಳ ಕೆಲಸ ಎಂದು ತೀರ್ಮಾನವಾಯಿತು. ಚಹಾದ ಅಂಗಡಿಯವನಿಂದ ಹಿಡಿದು ನಿವೃತ್ತ ಪೋಸ್ಟ್‌ಮ್ಯಾನ್‌ವರೆಗೆ ಎಲ್ಲರೂ ಒಂದೊಂದು ಸಲಹೆ ಕೊಟ್ಟರು. ಹತ್ತು ಜನರ ನಡುವೆ ಹಾವು ಸಾಯುವುದಿಲ್ಲ ಎಂಬ ಮಾತಿದೆ. ಇಲ್ಲಿ ಹಾವು ಸಾಯಲಿಲ್ಲ, ಕೊಬ್ಬಿತು.

ಪಂದ್ಯಗಳ ಋತು ಶುರುವಾದಾಗ ಮಂಚಿಕೇರಿಯ ಉಳಿದ ಆರು ಹುಡುಗಿಯರು, ಒಂದನೇ ನಂಬರು ಇದೆಯಲ್ಲ ಎಂದು ನಿಂತು ನೋಡಿದರು. ಒಂದನೇ ನಂಬರು ಹೋಯಿತು, ಏದುಸಿರು ಬಿಟ್ಟಿತು, ಸಿಕ್ಕಿಬಿತ್ತು. ಹತ್ತು ಪಂದ್ಯಗಳಲ್ಲಿ ಎಂಟನ್ನು ಸೋತು ಮಂಚಿಕೇರಿ ಮತ್ತೆ ಕೊನೆಗೇ ಬಂತು. ಫ್ಲೆಕ್ಸನ್ನು ಯಾರೋ ಇಳಿಸಿ ಮೂಲೆಗೆ ಎಸೆದಿದ್ದರು. ಗಟ್ಟಿ ಫ್ಲೆಕ್ಸು, ಹಾಳು ಮಾಡುವುದೇಕೆ ಎಂದು ಮಾಸ್ತಿ ಮನೆಗೆ ತಂದು ಕಟ್ಟಿಗೆಯ ರಾಶಿಗೆ ಹೊದಿಸಿದ. ಮಳೆ ಬಿದ್ದಾಗ ತನ್ನ ಮುಖದ ಮೇಲೆ ನೀರು ನಿಲ್ಲುವುದನ್ನು ನೋಡಲಾರದೆ ತನುಜಾ ಅದನ್ನು ಬೋರಲು ಹಾಕಿದಳು. ಅಪ್ಪ ಬೇಕೆಂದು ಮಾಡಿದ್ದಲ್ಲ ಎಂದು ಗೊತ್ತಿದ್ದರೂ ಎರಡು ದಿನ ಅವನ ಜೊತೆ ಮಾತು ಬಿಟ್ಟಿದ್ದಳು.

ಪ್ರತಿ ತಂಡವೂ ಹಳಬರಲ್ಲಿ ಇಬ್ಬರನ್ನು ಉಳಿಸಿಕೊಳ್ಳಬಹುದಿತ್ತು. ಚೌಡ ಉಳಿಸಿಕೊಂಡ ಇಬ್ಬರಲ್ಲಿ ಅವಳಿರಲಿಲ್ಲ. ಇವತ್ತು ಬೆಳಿಗ್ಗೆ ಮೊದಲ ಸರದಿಯಲ್ಲಿ ಅವನು ಎದ್ದು, ಶಿರಸಿಯ ಕಾಲೇಜಿನ ಅಭಿಜ್ಞಾಳನ್ನು ಕರೆದ. ಹದಿನೆಂಟು ವರ್ಷದ, ಚಿಗರೆಯಂಥ ಕಾಲಿನ ಹುಡುಗಿ. ಭವನ ಚಪ್ಪಾಳೆ ತಟ್ಟಿತು. ತನುಜಾಳೂ ತಟ್ಟಿದಳು. ತಟ್ಟದೆ ಕೂತರೆ ಎಲ್ಲರೂ ತನ್ನ ಕಡೆ ನೋಡುತ್ತಾರೆಂಬ ಭಯ ಅವಳಿಗೆ.

ಚಹಾ ಮುಗಿದು ಏಳನೆಯ ಸುತ್ತು ಶುರುವಾಯಿತು. ಮಂಚಿಕೇರಿ ಒಬ್ಬಳನ್ನು ಕರೆಯಿತು, ಯಲ್ಲಾಪುರ ಒಬ್ಬಳನ್ನು. ಸಿದ್ದಾಪುರದವರು ಪಿಸುಮಾತಾಡಿ ಒಬ್ಬಳನ್ನು ಕರೆದರು. ನಲವತ್ತನೆಯ ಹೆಸರೂ ಆಯಿತು. ಐದನೆಯ ಸರದಿ ವಾನಳ್ಳಿಯದು. ಆ ತಂಡದ ನಾಯಕಿ ನಾಗಿ ಎದ್ದು ನಿಂತಳು. ಮೂವತ್ತಾರರ ಹೆಂಗಸು, ಶಿರಸಿಯ ವ್ಯಾಪಾರಿಯೊಬ್ಬರ ಅಂಗಳದಲ್ಲಿ ಅಡಿಕೆ ಆರಿಸುವ ಕೆಲಸ, ಎಡ ಮಂಡಿಗೆ ಯಾವಾಗಲೂ ಒಂದು ಪಟ್ಟಿ. ಅವಳಿಗೆ ಮೈಕು ಬೇಕಾಗಲಿಲ್ಲ.

"ತನುಜಾ ಮಾಸ್ತಿ. ಮಂಚಿಕೇರಿ."

ಸಮೀಉಲ್ಲಾ ಪಟ್ಟಿಯಿಂದ ತಲೆಯೆತ್ತಿ ಅವಳನ್ನೊಮ್ಮೆ ನೋಡಿ ಗೀಟು ಎಳೆದ. ಮುಂದಿನ ಸಾಲಿನಲ್ಲಿ ಯಾರೋ ಹಳೇ ಒಂದನೇ ನಂಬರು ಎಂದರು, ಇನ್ನು ಯಾರೋ ಕಿಸಕ್ಕನೆ ನಕ್ಕರು. ತನುಜಾಳಿಗೆ ನಗು ಕೇಳಿಸಿತು, ತನ್ನ ಹೆಸರು ಕೇಳಿಸಿದ್ದು ಮಾತ್ರ ನಿಜವೋ ಅಲ್ಲವೋ ತಿಳಿಯಲಿಲ್ಲ. ಬೆಳಗಿನಿಂದ ಕಲ್ಲಿನಂತೆ ಕೂತಿದ್ದ ಮಾಸ್ತಿ ಹೆಗಲ ಟವೆಲಿನಿಂದ ಮುಖವನ್ನೆಲ್ಲ ಒರೆಸಿಕೊಂಡ.

"ಚಾ ಉಳದದೆಯಾ ನೋಡ್ಕಂಡು ಬತ್ತೆ," ಎಂದು ಎದ್ದು ಹೋದ.

ಎಲ್ಲ ಮುಗಿದ ಮೇಲೆ ಭವನದ ಮೆಟ್ಟಿಲ ಬಳಿ ತನುಜಾ ನಾಗಿಯನ್ನು ಹಿಡಿದಳು. ಕೃತಜ್ಞತೆ ಹೇಳಬೇಕೆಂದೇ ಹೋದದ್ದು. ಬಾಯಿಗೆ ಬಂದದ್ದು ಬೇರೆ. ಪಾಪ ಅಂತ ಕರೆದದ್ದೇ ಎಂದು ಕೇಳಿದಳು. ನಾಗಿ ಚಪ್ಪಲಿ ಹುಡುಕುತ್ತಿದ್ದವಳು ತಲೆಯೆತ್ತಲೂ ಇಲ್ಲ.

"ಪಾಪ ನೋಡಿ ತಂಡ ಕಟ್ಟೂಕೆ ಆಗ್ತದ ಮಾರಾಯ್ತಿ? ನೀ ನಂಗೆ ಬೇಕಾಗಿತ್ತು. ಎರಡನೇ ಸುತ್ತಿಂದ್ಲೂ ನಿನ್ನ ಹೆಸರು ನನ್ನ ಬಾಯಲ್ಲೇ ಇತ್ತು."

"ಹಂಗಾರೆ ಆವಾಗ್ಲೇ ಎಂತಕ್ಕೆ ಕರೀಲಿಲ್ಲ?"

"ನಿನ್ನ ಯಾರೂ ಮುಟ್ಟೂದಿಲ್ಲ ಅಂತ ಗೊತ್ತಿತ್ತು. ಏಳನೇ ಸುತ್ತಲ್ಲಿ ಸಿಗೂ ನಿನ್ನ ಎರಡನೇ ಸುತ್ತಲ್ಲಿ ಕರೆದ್ರೆ ಒಂದು ಸರದಿ ದಂಡ ಅಲ್ದಾ? ಆ ಸರದೀಲಿ ಬೇರೆ ಒಳ್ಳೇ ಹುಡುಗಿ ಸಿಕ್ಕಿದ್ಲು." ಚಪ್ಪಲಿ ಸಿಕ್ಕಿತು. ಮೆಟ್ಟಿಕೊಂಡು, ಶನಿವಾರ ಸಂಜೆಯ ವಾನಳ್ಳಿ ಬಸ್ಸಿಗೆ ಬರಬೇಕೆಂದೂ ರಾತ್ರಿ ತನ್ನ ಮನೆಯಲ್ಲೇ ಉಳಿದು ಭಾನುವಾರ ಬೆಳಿಗ್ಗೆ ಅಭ್ಯಾಸವೆಂದೂ ಹೇಳಿ ನಡೆದುಬಿಟ್ಟಳು.

ಮಂಚಿಕೇರಿಯ ಬಸ್ಸಿನಲ್ಲಿ ಕೂತರೂ ತನುಜಾಳ ಸಿಟ್ಟು ಇಳಿಯಲಿಲ್ಲ. ಬೇಕು ಎಂದು ಮೂರು ತಾಲೂಕಿನಲ್ಲಿ ಒಬ್ಬಳು ಹೇಳಿದ್ದಳು. ಆದರೆ ಹೇಳಿದ್ದು ಹೇಗೆ! ಯಾರೂ ಮೂಸದ ಹುಡುಗಿ ಎಂಬ ಭರವಸೆಯ ಮೇಲೆ ಐದು ಸುತ್ತು ಕಾದಳಂತೆ, ಸಂತೆ ಮುಗಿಯುವ ಹೊತ್ತಿಗೆ ಬದನೆಕಾಯಿ ಕೊಳ್ಳುವವರ ಹಾಗೆ. ಆ ಐದು ಸುತ್ತು ತಾನು ಕೂತಲ್ಲೇ ಎಷ್ಟು ಸಲ ಸತ್ತೆ ಎಂದು ಅವಳಿಗೇನು ಗೊತ್ತು? ಹೋಗುವುದೇ ಇಲ್ಲ ಎಂದು ಅಪ್ಪನಿಗೆ ಹೇಳಿದಳು. ಮಾಸ್ತಿ ಕಿಟಕಿಯಾಚೆ ನೋಡುತ್ತ, ಹೋಗದಿದ್ದರೆ ಬೇಡ, ಸೋಮವಾರ ಬೆಟ್ಟಕ್ಕಾದರೂ ಬಾ, ಒಬ್ಬನಿಗೇ ಆಗುವುದಿಲ್ಲ ಎಂದ.

ಅವಳು ಬೆಟ್ಟಕ್ಕೆ ಹೋದಳು. ಒಂದು ವರ್ಷದ ಮೇಲೆ ಹಗ್ಗ ಹಿಡಿದಾಗ ಅಂಗೈ ಸುಲಿಯಿತು. ಹೊರೆಯ ಮೇಲೆ ಮಂಡಿಯೂರಿ, ಹಗ್ಗದ ತುದಿ ಎಳೆದು, ಸೊಪ್ಪು ಕರಕರ ಎನ್ನುವವರೆಗೆ ಬಿಗಿದು ಗಂಟು ಹಾಕುವಾಗ ತೋಳಿನಲ್ಲಿ ಎಲ್ಲೋ ಹೋಗಿದ್ದ ಬಲ ಸ್ವಲ್ಪ ಸ್ವಲ್ಪವೇ ವಾಪಸು ಬಂದಂತಾಯಿತು. ಶುಕ್ರವಾರದ ಹೊತ್ತಿಗೆ ಕೈಗೆ ದಡ್ಡು ಬಿದ್ದಿತ್ತು, ಸಿಟ್ಟೂ ಕೊಂಚ ಇಳಿದಿತ್ತು. ಶನಿವಾರ ಒಂದು ಜೊತೆ ಬಟ್ಟೆ ಚೀಲಕ್ಕೆ ಹಾಕಿಕೊಂಡು ಹೊರಟಳು. ಬೂಟು ತೆಗೆದುಕೊಳ್ಳಲಿಲ್ಲ.

ವಾನಳ್ಳಿಯಲ್ಲಿ ಅಭ್ಯಾಸ ನಡೆಯುತ್ತಿದ್ದದ್ದು ಕೊಯ್ಲು ಮುಗಿದ ಗದ್ದೆಯಲ್ಲಿ. ಕೂಳೆ ಕಿತ್ತು, ನೀರು ಚಿಮುಕಿಸಿ, ತುಳಿದು ಗಟ್ಟಿ ಮಾಡಿದ ನೆಲ. ಮೊದಲ ಭಾನುವಾರವೇ ನಾಗಿ ಅವಳಿಗೆ ತಲೆ ತಿರುಗುವಂಥ ಒಂದು ಮಾತು ಹೇಳಿದಳು: ನೀನು ರೈಡಿಗೆ ಹೋಗುವುದು ಬೇಡ. ತನುಜಾ ಬೆಪ್ಪಾಗಿ ನಿಂತಳು. ರೈಡು ಬಿಟ್ಟರೆ ತನಗೆ ಇನ್ನೇನು ಬರುತ್ತದೆ ಎಂದು ಕೇಳಿದಾಗ ನಾಗಿ ಅವಳ ಎರಡೂ ಅಂಗೈಗಳನ್ನು ಮಗುಚಿ ನೋಡಿದಳು.

"ಹೋದ ವರ್ಷ ನಿಮ್ಮ ಕಡೇ ಪಂದ್ಯ ನಮ್ಮ ಸಂಗಡ. ನೆನಪದೆಯಾ? ಸೋತಾಯ್ತು ಅಂತ ನಿಮ್ಮ ಚೌಡಣ್ಣ ಎದ್ದು ಹೋಗಿದ್ದ. ಹೇಳೋರು ಯಾರೂ ಇರಲಿಲ್ಲ ಅಂತ ನೀ ಹೋಗಿ ಮೂಲೇಲಿ ನಿಂತೆ. ಮೂರು ರೈಡಿಗೆ ಮೂರು ಸಲ ನಮ್ಮವಳ ಕಾಲು ಹಿಡಿದೆ. ಬಿಡಿಸ್ಕಳೂಕೆ ಆಗಲಿಲ್ಲ ಅವಳಿಗೆ. ಮನೇಲಿ ಕಾಲು ನೋಡಿದ್ರೆ ನಿನ್ನ ಐದು ಬೆರಳೂ ಮೂಡಿತ್ತು."

ಅದು ತನುಜಾಳಿಗೆ ನೆನಪೇ ಇರಲಿಲ್ಲ. ಆ ದಿನದ್ದೆಲ್ಲ ಸೋಲು ಎಂಬ ಒಂದೇ ಗಂಟಿನಲ್ಲಿ ಕಟ್ಟಿ ಎಸೆದಿದ್ದಳು. ಊರಿನವರೂ ಅವಳು ಎಷ್ಟು ಜನರನ್ನು ಮುಟ್ಟಿ ಬಂದಳು ಎಂಬುದೊಂದನ್ನೇ ಎಣಿಸಿದ್ದರು. ನೋಡಿದವಳು ಎದುರಾಳಿಯೊಬ್ಬಳೇ.

ಅಲ್ಲಿಂದ ಎಂಟು ವಾರ ಅವಳು ಬಲ ಮೂಲೆಯಲ್ಲಿ ಬಾಗಿ ನಿಂತಳು. ಪಕ್ಕದಲ್ಲಿ ನಾಗಿ. ಇಬ್ಬರೂ ಕೈ ಕೈ ಹಿಡಿದು ಸರಪಳಿ ಕಟ್ಟಬೇಕು. ರೈಡಿನವಳು ಹತ್ತಿರ ಬಂದು ಕಾಲೂರಿದಾಗ ತನುಜಾ ನೆಲಕ್ಕೆ ಬಿದ್ದು ಕಾಲಿನ ಗಿಣ್ಣು ಹಿಡಿಯಬೇಕು, ನಾಗಿ ಮೇಲಿನಿಂದ ಸೊಂಟ ಕಟ್ಟಬೇಕು. ಮೊದಮೊದಲು ತನುಜಾ ಅವಸರಪಟ್ಟು ಗಾಳಿಯನ್ನೇ ಹಿಡಿದಳು, ಮುಖಕ್ಕೆ ಒದೆ ತಿಂದಳು. ಯಾರೂ ಬಾದಾಮಿ ತರಲಿಲ್ಲ. ಅಭ್ಯಾಸ ಮುಗಿದ ಮೇಲೆ ಎಲ್ಲರೂ ನಾಗಿಯ ಮನೆಯ ಜಗಲಿಯಲ್ಲಿ ಅವಲಕ್ಕಿ ತಿನ್ನುತ್ತಿದ್ದರು. ತಡವಾಗಿ ಬಂದವರಿಗೆ ಕಡಿಮೆ ಸಿಗುತ್ತಿತ್ತು. ಅವಳು ಕ್ರಮೇಣ ಬೇಗ ಬರುವುದನ್ನೂ ತಡವಾಗಿ ನೆಲಕ್ಕೆ ಬೀಳುವುದನ್ನೂ ಕಲಿತಳು.

ಋತು ಶುರುವಾಗುವ ಹಿಂದಿನ ಭಾನುವಾರ, ಜಗಲಿಯಲ್ಲಿ ಇಬ್ಬರೇ ಉಳಿದಾಗ, ಎದೆಯಲ್ಲಿ ಮುಳ್ಳಾಡುತ್ತಿದ್ದ ಪ್ರಶ್ನೆಯನ್ನು ತನುಜಾ ಕೇಳಿಯೇಬಿಟ್ಟಳು. ತನ್ನನ್ನು ಯಾರೂ ಕರೆಯುವುದಿಲ್ಲ ಎಂಬುದು ಅಷ್ಟು ಖಚಿತವಾಗಿದ್ದರೆ ಏಳನೆಯ ಸುತ್ತಿನಲ್ಲಾದರೂ ಏಕೆ ಕರೆಯಬೇಕಿತ್ತು, ಎಂಟನೆಯದರವರೆಗೆ ಬಿಡಬಹುದಿತ್ತಲ್ಲ. ಆ ಸರದಿಯೂ ಉಳಿಯುತ್ತಿತ್ತು.

ಮಂಡಿಯ ಪಟ್ಟಿ ಬಿಚ್ಚುತ್ತಿದ್ದ ನಾಗಿಯ ಕೈ ನಿಂತಿತು. ಅವಳಿಗೆ ನಾಚಿಕೆಯಾದದ್ದನ್ನು ತನುಜಾ ಅವತ್ತೇ ಮೊದಲು ನೋಡಿದ್ದು.

"ಆರನೇ ಸುತ್ತಲ್ಲಿ ಸಿದ್ದಾಪುರದೋರು ಪಟ್ಟಿ ನೋಡಿ ಗುಸುಗುಸು ಮಾಡ್ತಿದ್ರು. ನಿನ್ನ ಹೆಸರೇ ಹೇಳ್ತಾರೇನೋ ಅಂತ ಅವರ ಬಾಯನ್ನೇ ನೋಡ್ತಾ ಕೂತೆ. ಚಾ ಕೊಟ್ರೆ ಕುಡೀಲಿಲ್ಲ ನಾ. ಎಂಟರ ತನಕ ಕಾಯೂಕೆ ನಂಗೆ ಧೈರ್ಯ ಸಾಕಾಗಲಿಲ್ಲ ತಂಗಿ."

ತನುಜಾ ಎದ್ದು ಹೋಗಿ ಅವಲಕ್ಕಿಯ ತಟ್ಟೆಗಳನ್ನು ತೊಳೆದಿಟ್ಟಳು. ಕಣ್ಣು ತುಂಬಿದ್ದನ್ನು ನಾಗಿಗೆ ತೋರಿಸಲು ಮನಸ್ಸಾಗಲಿಲ್ಲ. ಕೂತಲ್ಲೇ ಸತ್ತವಳು ತಾನೊಬ್ಬಳೇ ಅಲ್ಲ, ಎರಡು ಸಾಲು ಮುಂದೆ ಇನ್ನೊಬ್ಬಳೂ ಇದ್ದಳು ಎಂದು ತಿಳಿದು ಅವಳಿಗೆ ತಡೆಯಲಾರದಷ್ಟು ಖುಷಿಯಾಗಿತ್ತು.

ಏಪ್ರಿಲ್ ತಿಂಗಳ ಕೊನೆಯ ಭಾನುವಾರ, ಮಧ್ಯಾಹ್ನದ ನಾಲ್ಕು ಗಂಟೆಗೆ, ವಾನಳ್ಳಿಯ ಕೊನೆಯ ಪಂದ್ಯ ಮಂಚಿಕೇರಿಯ ಶಾಲೆಯ ಬಯಲಿನಲ್ಲಿ ನಡೆಯಿತು. ಗೆದ್ದರೆ ವಾನಳ್ಳಿಗೆ ಫೈನಲು, ಇಲ್ಲದಿದ್ದರೆ ಮನೆ. ಮಂಚಿಕೇರಿ ಈ ವರ್ಷವೂ ತಳದಲ್ಲೇ ಇತ್ತು. ಬಸ್ ನಿಲ್ದಾಣದ ಎದುರು ಅಭಿಜ್ಞಾಳ ಫ್ಲೆಕ್ಸು ಎದ್ದದ್ದನ್ನೂ, ಆ ಹುಡುಗಿಗೆ ಶಾಲೆಯ ಕೋಣೆಯಲ್ಲಿ ಹಾಸು ಹಾಸಿದ್ದನ್ನೂ ತನುಜಾ ಊರಿನಲ್ಲಿದ್ದು ಕಣ್ಣಾರೆ ಕಂಡಿದ್ದಳು. ಚೌಡನಿಗೆ ಹೋಗಿ ಹೇಳಬೇಕೆಂದು ಎರಡು ಸಲ ಅನ್ನಿಸಿ, ಹೊಟ್ಟೆಕಿಚ್ಚು ಅಂದುಕೊಂಡಾರೆಂದು ಸುಮ್ಮನಾಗಿದ್ದಳು.

ಅವಳು ಅಂಕಣಕ್ಕೆ ಇಳಿದಾಗ ಊರಿನ ಹುಡುಗರು ಒಂದನೇ ನಂಬರು ಎಂದು ಕೂಗಿ ಸೀಟಿ ಹಾಕಿದರು. ನಾಗಿ ಕೈ ಚಾಚಿದಳು, ತನುಜಾ ಹಿಡಿದಳು. ಮಾಸ್ತಿ ಊರಿನವರ ನಡುವೆ ನೆಲದ ಮೇಲೆ ಕೂತಿದ್ದ. ಮಗಳ ತಂಡಕ್ಕೆ ಕೂಗಿದರೆ ಊರಿಗೆ ಬೇಸರ, ಊರಿಗೆ ಕೂಗಿದರೆ ಮಗಳಿಗೆ ಬೇಸರ; ಯಾರಿಗೂ ಕೂಗದೆ ಟವೆಲು ಹಿಂಡುತ್ತ ಕೂತ.

ಸುಲಭದ ಪಂದ್ಯ ಎಂದುಕೊಂಡದ್ದು ಸುಲಭವಾಗಲಿಲ್ಲ. ತಮ್ಮೂರಿನ ನೆಲದಲ್ಲಿ ಮಂಚಿಕೇರಿಯವರು ಜೀವ ಬಿಟ್ಟು ಆಡಿದರು. ಕೊನೆಯ ನಿಮಿಷಕ್ಕೆ ವಾನಳ್ಳಿಗೆ ಇಪ್ಪತ್ತೇಳು, ಮಂಚಿಕೇರಿಗೆ ಇಪ್ಪತ್ತಾರು. ಕೊನೆಯ ರೈಡು ಅಭಿಜ್ಞಾಳದು. ಒಬ್ಬಳನ್ನು ಮುಟ್ಟಿ ಗೆರೆ ದಾಟಿದರೆ ಪಂದ್ಯ ಸಮ, ವಾನಳ್ಳಿಯ ಫೈನಲು ಹೋದಂತೆ. ಬಯಲಿನ ಸುತ್ತ ಇದ್ದವರೆಲ್ಲ ಎದ್ದು ನಿಂತರು. ಚೌಡ ಗೆರೆಯ ಪಕ್ಕದಲ್ಲೇ ಓಡಾಡುತ್ತ, ಎದುರಿನವಳ ಕಣ್ಣು ನೋಡು, ಕಣ್ಣು ನೋಡು ಎಂದು ಕಿರುಚುತ್ತಿದ್ದ.

ಹುಡುಗಿ ಬಂದಳು. ಬೂಟಿನ ಕಾಲು ನೀರು ಚಿಮುಕಿಸಿದ ಮಣ್ಣಿನಲ್ಲಿ ಅರ್ಧ ಬೆರಳಷ್ಟು ಜಾರುತ್ತಿತ್ತು. ಎಡಕ್ಕೆ ಹೋದಳು, ತಿರುಗಿದಳು, ಬಲ ಮೂಲೆಗೆ ಬಂದಳು. ತನುಜಾ ಬಾಗಿ ನಿಂತು ಕಾದಳು. ಅಭಿಜ್ಞಾ ಎಡಗಾಲು ಮುಂದಿಡುವ ಮೊದಲು ಒಮ್ಮೆ ಮುಖವೆತ್ತಿ ತನ್ನ ಕಣ್ಣು ನೋಡುತ್ತಾಳೆ. ಇವತ್ತಿನಿಂದ ಅಲ್ಲ, ಹೋದ ವರ್ಷದಿಂದ ತನುಜಾಳಿಗೆ ಅದು ಗೊತ್ತು, ತನಗೂ ಚೌಡ ಅದನ್ನೇ ಕಲಿಸಿದ್ದ. ಕಣ್ಣು ನೋಡುವ ಆ ಒಂದು ಗಳಿಗೆ ಕಾಲು ಯಾರದೂ ಅಲ್ಲ. ಹುಡುಗಿಯ ಮುಖ ಮೇಲೆದ್ದಿತು. ಭಯದಿಂದ ಬೆಳ್ಳಗಾದ, ಬೆವರಿದ ಮುಖ. ತನುಜಾಳಿಗೆ ಅಯ್ಯೋ ಅನ್ನಿಸಿತು. ಅನ್ನಿಸುತ್ತಿರುವಾಗಲೇ ಅವಳು ನೆಲಕ್ಕೆ ಬಿದ್ದು ಎರಡೂ ಕೈಯಿಂದ ಗಿಣ್ಣು ಹಿಡಿದಾಗಿತ್ತು.

ಮೇಲಿನಿಂದ ನಾಗಿ ಬಿದ್ದಳು, ಅವಳ ಮೇಲೆ ಉಳಿದವರು. ಆ ಕತ್ತಲೆಯಲ್ಲಿ, ಮಣ್ಣಿನ ವಾಸನೆಯಲ್ಲಿ, ಕಬಡ್ಡಿ ಕಬಡ್ಡಿ ಎಂಬ ದನಿ ತೆಳ್ಳಗಾಗುತ್ತ ಹೋಗುವುದು ಅವಳಿಗೆ ಕಿವಿಯ ಹತ್ತಿರವೇ ಕೇಳುತ್ತಿತ್ತು. ಹಗ್ಗ ಬಿಗಿದಂತೆ ಬಿಗಿದ ಕೈಯನ್ನು ಅವಳು ಸಡಿಲಿಸಲಿಲ್ಲ. ಸೀಟಿ ಕೂಗಿತು.

ವಾನಳ್ಳಿಯವರು ಅವಳನ್ನು ಎತ್ತಿ ನಿಲ್ಲಿಸಿ ಬೆನ್ನು ಬಡಿದು ಬಡಿದು ಕೆಂಪು ಮಾಡಿದರು. ಊರಿನ ಗುಂಪಿನಲ್ಲಿ ಮಾಸ್ತಿ ಎರಡೂ ಕೈ ಮೇಲೆತ್ತಿದವನು, ಅಕ್ಕಪಕ್ಕ ನೋಡಿ ಟವೆಲು ಕೊಡವಿಕೊಳ್ಳುವವನಂತೆ ಮಾಡಿದ. ತನುಜಾಳಿಗೆ ನಗು ಉಕ್ಕಿ ಬಂತು. ಎಷ್ಟೋ ತಿಂಗಳ ಮೇಲೆ ಬಾಯ್ತುಂಬ ನಕ್ಕಳು. ನಗುತ್ತಲೇ ತಿರುಗಿದಾಗ ಆಚೆ ಕಡೆಯ ಬೆಂಚಿನ ಮೇಲೆ ಅಭಿಜ್ಞಾ ಕೂತಿದ್ದು ಕಂಡಿತು. ಸುತ್ತ ಎಂಟು ಹತ್ತು ಜನ ಗಂಡಸರು. ಕಾಲು ಹಾಗೆ ಇಡಬಾರದಿತ್ತು ಎಂದು ಒಬ್ಬ, ಬಲಕ್ಕೆ ಹೋಗಲೇಬಾರದಿತ್ತು ಎಂದು ಇನ್ನೊಬ್ಬ. ಚೌಡ ಹಾಲಿನ ಬಾಟಲಿಯ ಮುಚ್ಚಳ ತೆಗೆಯುತ್ತಿದ್ದ. ಹುಡುಗಿ ಯಾರನ್ನೂ ನೋಡದೆ ಬೂಟಿನ ಲೇಸನ್ನು ಬಿಚ್ಚಿ ಕಟ್ಟಿ, ಮತ್ತೆ ಬಿಚ್ಚುತ್ತಿದ್ದಳು.

ತನುಜಾ ನೆಟ್ಟಗೆ ಅಲ್ಲಿಗೆ ನಡೆದಳು. ಸ್ವಲ್ಪ ದಾರಿ ಬಿಡಿ ಚೌಡಣ್ಣ ಎಂದಳು. ಎಷ್ಟು ಸಾವಕಾಶವಾಗಿ ಹೇಳಿದಳೆಂದರೆ ಚೌಡ ಬಾಟಲಿ ಹಿಡಿದುಕೊಂಡೇ ಸರಿದ. ಅವಳು ಹುಡುಗಿಯ ಮಣಿಕಟ್ಟು ಹಿಡಿದು ಎಬ್ಬಿಸಿ, ಶಾಲೆಯ ಹಿಂದಿನ ನೀರಿನ ಟ್ಯಾಂಕಿನ ಬಳಿ ಕರೆದುಕೊಂಡು ಹೋದಳು. ನಲ್ಲಿ ತಿರುಗಿಸಿ ಮುಖ ತೊಳೆದುಕೋ ಎಂದಳು. ಅಭಿಜ್ಞಾ ತೊಳೆದುಕೊಂಡಳು, ಆದರೆ ಮುಖ ಒದ್ದೆಯಾಗುವುದು ನಿಲ್ಲಲಿಲ್ಲ.

"ಆನು ಎಂತ ತಪ್ಪು ಮಾಡ್ದಿ ಹೇಳಿ ಗೊತ್ತೇ ಆಗ್ತಾ ಇಲ್ಲೆ ಅಕ್ಕಾ. ಮುಂದಿನ ವರ್ಷ ಎನ್ನ ಬಿಟ್ಟುಹಾಕ್ತ, ಅಲ್ದಾ?"

"ಬಿಡಬೌದು," ಎಂದಳು ತನುಜಾ. ಸುಳ್ಳು ಹೇಳಲು ಅವಳಿಗೆ ಮನಸ್ಸಾಗಲಿಲ್ಲ. "ಬಿಟ್ರೂ ನಿನ್ನ ಕಾಲು ನಿನ್ನ ಸಂಗಡವೇ ಇರ್ತದಲೆ. ಬೂಟು ತೆಗಿ."

ಹುಡುಗಿ ಅರ್ಥವಾಗದೆ ನೋಡಿ, ಬೂಟು ಕಳಚಿ ಬರಿಗಾಲನ್ನು ಕೆಸರಿನಲ್ಲಿಟ್ಟಳು. ತಣ್ಣಗಾಯಿತೇನೋ, ಬೆರಳು ಮಡಚಿದಳು. ಕಾಲು ಮುಂದಿಡುವ ಮೊದಲು ಮುಖ ನೋಡುತ್ತೀಯಲ್ಲ, ನಾನು ಹಿಡಿದದ್ದು ಅದರಿಂದ ಎಂದು ತನುಜಾ ಹೇಳಿದಳು. ಮುಖ ನೋಡಬೇಡ, ನನ್ನ ಭುಜ ಯಾವ ಕಡೆ ಇಳಿಯುತ್ತದೆ ಎಂದಷ್ಟೇ ನೋಡು. ಮುಂದಿನ ವರ್ಷ ಎಲ್ಲೋ ಎದುರಾದರೆ ಇದೇ ಮಾತು ತನಗೆ ತಿರುಗುಬಾಣ ಆದೀತು ಎಂದು ಅವಳಿಗೆ ಗೊತ್ತಿತ್ತು. ಆಗಲಿ ಎನ್ನಿಸಿತು.

ಶಾಲೆಯ ಎದುರಿನಿಂದ ಟೆಂಪೋದ ಹಾರ್ನು ಕೇಳಿತು. ವಾನಳ್ಳಿಯವರನ್ನೂ, ಫೈನಲಿನ ಅಭ್ಯಾಸಕ್ಕೆ ಅವರ ಜೊತೆ ಹೊರಡಲಿದ್ದ ತನುಜಾಳನ್ನೂ ಒಯ್ಯಲು ಸಮೀಉಲ್ಲಾ ತಾನೇ ಗಾಡಿ ತಂದಿದ್ದ. ಕತ್ತಲೆಯಾಗುವ ಮೊದಲು ಶಿರಸಿ ದಾಟಬೇಕೆಂದು ಅವನಿಗೆ ಅವಸರ. ಮತ್ತೊಮ್ಮೆ ಹಾರ್ನು ಮೊಳಗಿತು. ಆಮೇಲೆ ನಾಗಿಯ ದೊಡ್ಡ ದನಿ ಗೋಡೆ ದಾಟಿ ಬಂತು.

"ತಡಿರಾ ಮಾರಾಯ್ರಾ. ನಮ್ಮವಳೊಬ್ಳು ಬರೂಕದೆ."

ಎಂಜಿನ್ನಿನ ಸದ್ದು ನಿಂತಿತು. ತನುಜಾ ಲಂಗೋಟಿಯಷ್ಟು ಅಗಲದ ಆ ಒದ್ದೆ ನೆಲದಲ್ಲಿ ನಾಲ್ಕು ಹೆಜ್ಜೆ ಹಿಂದೆ ಸರಿದು, ಮೊಣಕಾಲು ಬಾಗಿಸಿ, ಎರಡೂ ಕೈ ಅಗಲಿಸಿ ನಿಂತಳು.

"ಬಾ. ಇನ್ನೊಂದು ಸಲ."

ಅಭಿಜ್ಞಾ ತೋಳಿನಿಂದ ಮೂಗು ಒರೆಸಿಕೊಂಡಳು. ಅವಳ ಕಣ್ಣು ತನುಜಾಳ ಮುಖದ ತನಕ ಬಂದು, ಅಲ್ಲಿಂದ ಇಳಿದು, ಭುಜದ ಮೇಲೆ ನಿಂತಿತು. ಎದೆ ತುಂಬ ಉಸಿರು ಎಳೆದುಕೊಂಡು, ಮೊದಲು ತನಗಷ್ಟೇ ಕೇಳುವಂತೆ, ಆಮೇಲೆ ಸ್ವಲ್ಪ ಗಟ್ಟಿಯಾಗಿ, ಕಬಡ್ಡಿ ಕಬಡ್ಡಿ ಎನ್ನುತ್ತ ಬರಿಗಾಲನ್ನು ಮುಂದಿಟ್ಟಳು.